ಗೇಟಿನ ಚಾವಿ ಹಟ್ಟಿಯಲ್ಲಿ ಐತೆ

ಆಯುಧಪೂಜೆಯ ದಿನ ಬ್ಲೋಯರ್ ಆಫ್ ಮಾಡಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಜಗಳ ಆಡಿದ್ದು, ಹಟ ಹಿಡಿದದ್ದು, ಚಾವಿ ಎತ್ತಿಕೊಂಡು ಹೋದದ್ದು ಎಲ್ಲ ಬರುತ್ತದೆ. ಅದನ್ನೆಲ್ಲ ಓದಿ "ಭಲೇ ಹೆಣ್ಣುಮಗಳು" ಅನ್ನುವ ಮುಂಚೆ ಮೂಲ ತಪ್ಪು ಯಾರದು ಅನ್ನೋದು ನಿಮಗೆ ಗೊತ್ತಿರಲಿ.

ನಮ್ಮ ಘಟಕ ಇರುವುದು ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವಿನ ಒಂದು ಸಣ್ಣ ಪೇಟೆಯ ಹೊರಗೆ. ಪೇಟೆಯ ಹೆಸರು ಬೇಡ. ಅಲ್ಲಿನ ಬಚ್ಚಲು, ಕಕ್ಕಸು, ಹೋಟೆಲಿನ ಪಾತ್ರೆ ತೊಳೆದ ನೀರು ಎಲ್ಲಾ ಒಳಚರಂಡಿಯಲ್ಲಿ ಸೇರಿ ನಮ್ಮ ಬಾಗಿಲಿಗೆ ಬರುತ್ತದೆ, ದಿನಕ್ಕೆ ಸುಮಾರು ಎಂಟು ಲಕ್ಷ ಲೀಟರು. ಅದನ್ನು ತಿಳಿ ಮಾಡಿ ಹಳ್ಳಕ್ಕೆ ಬಿಡುವುದು ನಮ್ಮ ಕೆಲಸ. ಹಳ್ಳ ಮುಂದೆ ಹೊಳೆ ಸೇರುತ್ತದೆ. ಹೊಳೆ ಅಂದರೆ ದಡ ತುಂಬಿ ಹರಿಯೋದಲ್ಲ, ವರ್ಷದ ಹೆಚ್ಚು ಕಾಲ ಬರೀ ಮರಳು. ನೀರಿರುವುದು ಆ ಮರಳಿನ ಹೊಟ್ಟೆಯಲ್ಲಿ. ಅದು ಗೊತ್ತಿರುವವರು ಗೇಣುದ್ದ ತೋಡಿ ಒರತೆ ಮಾಡಿಕೊಂಡು ಕುಡಿಯುತ್ತಾರೆ. ಗೊತ್ತಿಲ್ಲದವರು "ಒಣಗಿದ ಹೊಳೆ" ಅಂತ ಬರೆದುಕೊಂಡು ಹೋಗುತ್ತಾರೆ.

ಪೇಟೆಯವರು ನಮ್ಮದನ್ನು ಗಲೀಜು ಪ್ಲಾಂಟು ಅನ್ನುತ್ತಾರೆ. ನಾನು ಅದರ ಆಪರೇಟರ್. ಹೆಂಗಸು ಆಪರೇಟರ್ ಅಂತ ಮೊದಮೊದಲು ನೋಡೋಕೆ ಬರುತ್ತಿದ್ದರು. ವಾಸನೆಗೆ ಬರೋದು ಬಿಟ್ಟರು.

ಕೆಲಸದ ಗುಟ್ಟು ಇಷ್ಟೇ. ಎರಡು ದೊಡ್ಡ ತೊಟ್ಟಿ. ಒಂದೊಂದರಲ್ಲೂ ಸರದಿಯ ಮೇಲೆ ಕೊಳಚೆ ತುಂಬಿಸುತ್ತೇವೆ, ಬ್ಲೋಯರ್‌ನಿಂದ ತಳದಲ್ಲಿ ಗಾಳಿ ಊದುತ್ತೇವೆ, ಆಮೇಲೆ ಗಾಳಿ ನಿಲ್ಲಿಸಿ ಕೆಸರು ತಳಕ್ಕೆ ಕೂರಲು ಬಿಟ್ಟು ಮೇಲಿನ ತಿಳಿ ನೀರನ್ನು ಹಳ್ಳಕ್ಕೆ ಹರಿಸುತ್ತೇವೆ. ಕೊಳಚೆಯನ್ನು ತಿನ್ನುವುದು ಆ ಕೆಸರಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳು. ಅವಕ್ಕೆ ಗಾಳಿ ಬೇಕು. ತರಬೇತಿ ಕೊಡಲು ಬಂದ ಮೇಷ್ಟ್ರು ಇದನ್ನು ಎರಡು ದಿನ ಬೋರ್ಡಿನ ಮೇಲೆ ಬರೆದರು. ನನಗೆ ಅರ್ಧ ಗಂಟೆಗೇ ಅರ್ಥವಾಗಿತ್ತು, ಯಾಕೆಂದರೆ ನಮ್ಮಜ್ಜಿ ಹಾಲಿಗೆ ಹೆಪ್ಪು ಹಾಕುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. "ಹೆಪ್ಪು ಅಂದ್ರೆ ಸಾಮಾನಲ್ಲ ಮಗಳೇ, ಜೀವ. ಸುಡೋ ಹಾಲಿಗೆ ಹಾಕಿದ್ರೆ ಸಾಯ್ತೈತೆ. ಕೊಡಗಟ್ಲೆ ಹಾಲಿಗೆ ಒಂದು ಹನಿ ಹಾಕಿ ಬೆಳಗ್ಗೆ ಮೊಸರು ಕೇಳಿದ್ರೆ ನಗ್ತೈತೆ."

ಇಷ್ಟೆಲ್ಲ ಗೊತ್ತಿದ್ದವಳು ಬ್ಲೋಯರ್ ಆಫ್ ಮಾಡಿದೆ. ಹೇಳುತ್ತೇನೆ ಹೇಗೆ ಅಂತ.

ಇದ್ದ ಎರಡು ಬ್ಲೋಯರ್‌ಗಳಲ್ಲಿ ಒಂದರ ಬೇರಿಂಗ್ ಹೋಗಿ ರಿಪೇರಿಗೆ ಕಳಿಸಿದ್ದೆವು. ಇನ್ನೊಂದೇ ಹಗಲೂ ರಾತ್ರಿ ದುಡಿಯುತ್ತಿತ್ತು. ಆಯುಧಪೂಜೆ ಬೆಳಗ್ಗೆ ನಮ್ಮ ಪಂಪಿನಣ್ಣ ಕುಂಕುಮದ ಬಟ್ಟಲು, ಚೆಂಡುಹೂವಿನ ಹಾರ, ಬೂದುಗುಂಬಳಕಾಯಿ ಎಲ್ಲಾ ತಂದು ಸಾಲಾಗಿ ಇಟ್ಟರು. ಅವರು ಪಂಪು ನೋಡಿಕೊಳ್ಳುವವರು, ಆಂಧ್ರದ ಗಡಿಯ ಊರಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು.

"ಏಮ್ಮಾ, ಇದು ಆಯುಧ ಅಲ್ಲೇನಮ್ಮಾ? ವರ್ಷ ಪೂರ್ತಿ ಬಡ್ಕೊಂಡೈತೆ ಪಾಪಂ. ಇವತ್ತೊಂದಿನ ರೆಸ್ಟು ಕೊಡಬಾರದಾ?"

ನಮ್ಮಜ್ಜ ಕಂಬಳಿ ನೇಯುತ್ತಿದ್ದವನು. ಆಯುಧಪೂಜೆಯ ದಿನ ಮಗ್ಗಕ್ಕೆ ಕೈ ಹಚ್ಚುತ್ತಿರಲಿಲ್ಲ, ಹಚ್ಚಲು ಬಿಡುತ್ತಲೂ ಇರಲಿಲ್ಲ. "ಮಗ್ಗಕ್ಕೂ ಬೆನ್ನು ನೋಯ್ತೈತೆ" ಅನ್ನುತ್ತಿದ್ದ. ಆ ಮಾತು ಆ ಹೊತ್ತಿಗೆ ಸರಿಯಾಗಿ ನೆನಪಿಗೆ ಬಂದು ನನ್ನ ಕೈ ಸ್ವಿಚ್ಚಿನ ಮೇಲೆ ಹೋಯಿತು. ಮಗ್ಗದೊಳಗೆ ಉಸಿರಾಡುವ ಜೀವ ಯಾವುದೂ ಇರಲಿಲ್ಲ ಅನ್ನೋದು ನೆನಪಾಗಲಿಲ್ಲ.

ಹನ್ನೊಂದು ಗಂಟೆಗೆ ಬ್ಲೋಯರ್ ನಿಂತಿತು. ಪಂಪಿನಣ್ಣ ಪೈಪು ಹಿಡಿದು ಮೋಟಾರಿಗೆ ನೀರಿನ ಅಭಿಷೇಕವನ್ನೇ ಮಾಡಿದರು. ನಾನು ಬಟ್ಟೆಯಲ್ಲಿ ಒರೆಸಿ ವಿಭೂತಿ ಬಳಿದು ಕುಂಕುಮ ಇಟ್ಟೆ. ಕುಂಬಳಕಾಯಿ ಒಡೆದೆವು, ಮಂಡಕ್ಕಿ ಹಂಚಿದೆವು, ಮನೆಗೆ ಹೋದೆವು. ಇತ್ತ ಪೇಟೆಯವರಿಗೆ ರಜೆ ಅಂದರೆ ಇನ್ನೂ ಹೆಚ್ಚು ನೀರು. ಲಾರಿ, ಟ್ರ್ಯಾಕ್ಟರು, ಆಟೊ ಎಲ್ಲ ತೊಳೆದ ನೀರು ನಮ್ಮ ತೊಟ್ಟಿಗೇ ಬಂತು.

ಮಾರನೆ ದಿನ ವಿಜಯದಶಮಿ. ಬೆಳಗ್ಗೆ ಆರಕ್ಕೆ ಬಂದು ಸ್ವಿಚ್ ಒತ್ತಿದೆ. ಮೋಟಾರು ಒಮ್ಮೆ ಗುರ್ ಅಂದಿತು, ಟಪ್ ಅಂತ ಸದ್ದಾಯಿತು, ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಒಳಗೆ ನಿನ್ನೆಯ ಅಭಿಷೇಕದ ನೀರು. ವೈಂಡಿಂಗ್ ಕರಕಲು.

ಪಂಪಿನಣ್ಣ ಅಲ್ಲೇ ನೆಲಕ್ಕೆ ಕೂತರು. "ನಾನೇ ಕೊಂದೆ ಅಮ್ಮಾ."

"ಸ್ವಿಚ್ ಆರಿಸಿದ್ದು ನಾನು. ಅಳೋದು ಆಮೇಲೆ, ಏಳ್ರಿ" ಅಂದೆ.

ಒಂದು ಲೀಟರಿನ ಗಾಜಿನ ಅಳತೆ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಕಟ್ಟೆಯ ಮೇಲಿಟ್ಟೆ. ದಿನಾ ಬೆಳಗ್ಗೆ ಮಾಡುವ ಪರೀಕ್ಷೆ ಇದು. ಅರ್ಧ ಗಂಟೆ ಅಲುಗಾಡಿಸದೆ ಬಿಟ್ಟರೆ ಕಾಫಿಬಣ್ಣದ ಕೆಸರು ಮೂರನೇ ಒಂದು ಭಾಗಕ್ಕೆ ಇಳಿದು ಕೂರಬೇಕು. ಮೇಲಿನ ನೀರಿನ ಆಚೆ ಹಿಡಿದ ಬೆರಳಿನ ಗೆರೆ ಕಾಣಬೇಕು. ಮೂಗಿಗೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅವತ್ತು ಕೆಸರು ಬೂದಿಯ ಬಣ್ಣಕ್ಕೆ ತಿರುಗಿತ್ತು. ಅರ್ಧ ಕೂತಿತು, ಅರ್ಧ ಮೇಲೆ ತೇಲಿತು. ವಾಸನೆ ಕೊಳೆತ ಮೊಟ್ಟೆಯದು.

ಚಳ್ಳಕೆರೆಯ ಮೋಟಾರ್ ವೈಂಡಿಂಗ್‌ನವನಿಗೆ ಫೋನ್ ಮಾಡಿದೆ. "ಬನ್ನಿ ಹಬ್ಬ ಅಕ್ಕಾ, ಹುಡುಗರು ಊರಿಗೆ ಹೋಗವ್ರೆ. ಇವತ್ತು ತಂದು ಹಾಕ್ರಿ, ಮೂರು ದಿನ ಆಯ್ತದೆ." ಮೋಟಾರು ಕಳಿಸಿಕೊಟ್ಟೆ. ರಿಪೇರಿಗೆ ಹೋದ ಇನ್ನೊಂದು ಬ್ಲೋಯರ್ ಬರಲು ವಾರ ಬೇಕು. ಒಂದು ತೊಟ್ಟಿ ಆಗಲೇ ತುಂಬಿತ್ತು. ಎರಡನೆಯದು ಸಂಜೆ ಐದರೊಳಗೆ ತುಂಬುತ್ತಿತ್ತು. ಆಮೇಲೆ ಬರುವ ಕೊಳಚೆ ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಉತ್ತರ ಹಿಡಿದುಕೊಂಡೇ ಸೂಪರ್‌ವೈಸರ್ ಹತ್ತು ಗಂಟೆಗೆ ಬಂದರು. ಘಟಕ ನಡೆಸುವ ಗುತ್ತಿಗೆದಾರರ ಕಡೆಯವರು, ನನ್ನ ಮೇಲಿನವರು. ಕೆಟ್ಟ ಮನುಷ್ಯ ಅಲ್ಲ. ಮೂರು ಊರಿನ ಘಟಕಗಳು ಅವರ ತಲೆಯ ಮೇಲಿದ್ದವು. ಜಾಡಿ ನೋಡಿ ಮೂಗು ಮುಚ್ಚಿಕೊಂಡು ಹೇಳಿದರು:

"ಮೇಡಂ, ಬೈಪಾಸ್ ತೆಗೀರಿ."

ಕೊಳಚೆ ಮೊದಲು ಬಂದು ಬೀಳುವ ತೊಟ್ಟಿಗೆ ಹೊಂದಿಕೊಂಡು ಒಂದು ಕಬ್ಬಿಣದ ಗೇಟಿದೆ. ಅದನ್ನು ಎತ್ತಿದರೆ ಪೇಟೆಯ ಹೊಲಸೆಲ್ಲ ಘಟಕವನ್ನು ಮುಟ್ಟದೆ ನೇರ ಹಳ್ಳಕ್ಕೆ. ಭಾರಿ ಮಳೆಗೆ, ಪ್ರವಾಹಕ್ಕೆ ಅಂತ ಇಟ್ಟದ್ದು.

"ಎಷ್ಟು ದಿನ ಸಾರ್?"

"ಹತ್ತು ಹನ್ನೆರಡು ದಿನ. ಬುಕ್ಕಲ್ಲಿ ಮಾಮೂಲಿ ರೀಡಿಂಗ್ ಬರೀತಾ ಹೋಗಿ. ತಿಂಗಳ ಕೊನೆಗೆ ಮೇಲಿನವರು ಸ್ಯಾಂಪಲ್ ತಗೊಳ್ಳೋಕೆ ಬರೋಷ್ಟರಲ್ಲಿ ಎಲ್ಲ ಸರಿ ಮಾಡ್ಕೊಳ್ಳೋಣ."

"ಕೆಳಗೆ ಕುರಿಯವರ ಹಟ್ಟಿ ಐತೆ ಸಾರ್. ಹಳ್ಳದ ಮರಳಲ್ಲಿ ಒರತೆ ತೋಡಿ ಕುಡೀತಾರೆ."

"ಅವರಿಗೆ ನಲ್ಲಿ ಹಾಕಿದ್ದಾರಲ್ಲ?"

"ನಲ್ಲಿ ಹಾಕವ್ರೆ. ನೀರು ಹಾಕಿಲ್ಲ. ಬೋರಿನ ನೀರು ಸವುಳು, ಕುರಿನೂ ಮೂತಿ ತಿರುಗಿಸ್ತವೆ."

"ಮೇಡಂ, ಸಂಜೆ ಇಲ್ಲಿ ಉಕ್ಕಿದ್ರೆ ಪಂಪ್ ನಿಲ್ಲಿಸಬೇಕು. ಪಂಪ್ ನಿಲ್ಲಿಸಿದ್ರೆ ಪೇಟೆಯ ತಗ್ಗಿನ ಬೀದೀಲಿ ಮ್ಯಾನ್‌ಹೋಲ್ ಉಕ್ಕುತ್ತೆ, ಜನರ ಮನೆಯೊಳಗೆ ಹೋಗುತ್ತೆ. ಅದು ಪರವಾಗಿಲ್ವಾ?"

ಅದು ಸುಳ್ಳಲ್ಲ. ಅದೇ ತೊಂದರೆ. ಸುಳ್ಳು ಹೇಳಿದ್ದರೆ ಜಗಳ ಸಲೀಸಾಗುತ್ತಿತ್ತು.

"ಸಂಜೆವರೆಗೂ ಟೈಮ್ ಕೊಡ್ರಿ" ಅಂದೆ.

"ಟೈಮ್ ಯಾತಕ್ಕೆ? ಬ್ಲೋಯರ್ ಬಾಯಲ್ಲಿ ಊದ್ತೀರಾ? ನೋಡಿ, ನೀವು ಮಾಡಿದ ಕೆಲಸಕ್ಕೆ ನಿಮ್ಮನ್ನ ಇವತ್ತೇ ಮನೆಗೆ ಕಳಿಸಬಹುದು. ನಾನು ಮುಚ್ಚಿ ಹಾಕ್ತಾ ಇದ್ದೀನಿ. ನಿಮಗೋಸ್ಕರಾನೇ."

ಆ ಕೊನೆಯ ಮಾತು ನಾಟಿತು. ನನ್ನ ತಪ್ಪು ಮುಚ್ಚಲು ಇನ್ನೊಬ್ಬರ ಕುಡಿಯುವ ನೀರು. ಹಂಗೆ ಉಳಿಸಿಕೊಂಡ ಕೆಲಸಕ್ಕೆ ಬೆಳಗ್ಗೆ ಎದ್ದು ಯಾವ ಮುಖ ಹೊತ್ತು ಬರಲಿ?

"ನನಗೋಸ್ಕರ ಬೇಡ ಸಾರ್. ಗೇಟು ಎತ್ತಲ್ಲ."

"ಎತ್ತಬೇಡಿ. ಚಾವಿ ಕೊಡಿ, ನಾನೇ ಎತ್ತಿಸ್ತೀನಿ."

ಆ ಗೇಟಿಗೆ ಬೀಗವಿಲ್ಲ. ತಿರುಗಿಸುವ ಚಕ್ರವೂ ಇಲ್ಲ. ಮೇಲೆ ಚೌಕ ತಲೆಯ ಒಂದು ಸ್ಕ್ರೂ ಕಂಬ ಇದೆ, ಅದಕ್ಕೆ ಇಂಗ್ಲಿಷಿನ T ಅಕ್ಷರದ ಹಾಗಿರುವ ಸೊಂಟದೆತ್ತರದ ಕಬ್ಬಿಣದ ಚಾವಿ ತೂರಿಸಿ ಇಬ್ಬರು ಸೇರಿ ತಿರುಗಿಸಬೇಕು. ಚಾವಿ ಒಂದೇ. ಅದು ಪಂಪ್ ಮನೆಯ ಗೋಡೆಗೆ ಒರಗಿತ್ತು, ಅದಕ್ಕೂ ನಿನ್ನೆ ಕುಂಕುಮ ಇಟ್ಟಿದ್ದೆವು. ಸೂಪರ್‌ವೈಸರ್‌ಗೆ ಯಾವುದೋ ಫೋನ್ ಬಂತು, ಮಾತಾಡುತ್ತಾ ಮರದ ನೆರಳಿಗೆ ಹೋದರು. ನಾನು ಚಾವಿ ಎತ್ತಿ ನನ್ನ ಟಿವಿಎಸ್ ಗಾಡಿಯ ಕಾಲಿಡುವ ಜಾಗದಲ್ಲಿ ಓರೆಯಾಗಿ ನಿಲ್ಲಿಸಿಕೊಂಡು ಹೊರಟೆ. ತೂಕಕ್ಕೆ ಗಾಡಿ ಒಂದೇ ಕಡೆಗೆ ವಾಲುತ್ತಿತ್ತು.

ಹಟ್ಟಿ ಎರಡು ಕಿಲೋಮೀಟರ್. ಹಳ್ಳದ ಮರಳಿನಲ್ಲಿ ಒಬ್ಬ ಅಜ್ಜಿ ಒರತೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ನೀರು ತೋಡಿ ಬಿಂದಿಗೆಗೆ ತುಂಬುತ್ತಿದ್ದಳು. ಅವಳ ಮಗನ ಕುರಿಮಂದೆ ದಿನಾ ತಿಳಿ ನೀರು ಹರಿಯುವ ನಮ್ಮ ಕಾಲುವೆಯ ದಂಡೆಯಲ್ಲೇ ಹಾಯುವುದರಿಂದ ಮುಖಪರಿಚಯ ಇತ್ತು.

"ಯಾರವ್ವಾ? ಗಲೀಜು ಪ್ಲಾಂಟಿನೋಳಾ? ಹಬ್ಬದ ದಿನಾನೂ ಬಿಡಲಿಲ್ವಾ ನಿನ್ನ?"

"ಹಬ್ಬಾನೇ ಹಾಳು ಮಾಡ್ಕೊಂಡೆ ಅಜ್ಜೀ."

"ಬಿಸಿಲಲ್ಲಿ ಬಂದೀಯ. ಕುಡಿ ಮೊದ್ಲು, ಆಮೇಲೆ ಹೇಳು."

ಚಿಪ್ಪಿನಲ್ಲಿ ಕೊಟ್ಟಳು. ತಣ್ಣಗಿತ್ತು, ಸಿಹಿ ಇತ್ತು, ತಳದಲ್ಲಿ ನಾಲ್ಕು ಕಾಳು ಮರಳಿತ್ತು. ಕುಡಿದು, ಇದ್ದದ್ದು ಇದ್ದಹಾಗೆ ಹೇಳಿದೆ. ಎಲ್ಲ ಕೇಳಿದ ಮೇಲೆ ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಉಣ್ಣೆ ಕತ್ತರಿಸೋ ಕತ್ರಿ ನೆಂದ್ರೆ ಕೆಡ್ತೈತೆ ಅಂತ ನಮ್ಮ ಮನೆ ಕೂಸಿಗೂ ಗೊತ್ತು. ನೀನು ಕರೆಂಟಿನ ಮಿಷಿನ್ನಿಗೆ ನೀರು ಹೊಡೆಸ್ದ್ಯಾ? ಎಷ್ಟು ಓದೀಯ?"

"ಓದಿದ್ದು ತಪ್ಪಾಯ್ತು ಅಜ್ಜೀ."

"ಓದಿದ್ದಲ್ಲ ಕಣೆ, ಓದಿದ್ದು ಮರೆತದ್ದು. ಸರಿ, ಇದೇನು ಈ ಗದೆ ಹೊತ್ಕೊಂಡು ಬಂದೀಯ, ಭೀಮನಂಗೆ?"

"ಗೇಟಿನ ಚಾವಿ. ನಿಮ್ಮ ಹತ್ರ ಇಟ್ಕೊಳ್ರಿ. ಯಾರು ಬಂದು ಕೇಳಿದ್ರೂ ಕೊಡಬ್ಯಾಡ್ರಿ. ಸಾಹೇಬ್ರು ಬಂದ್ರೂ ಅಷ್ಟೇ, ಪೊಲೀಸ್ರು ಬಂದ್ರೂ ಅಷ್ಟೇ."

"ನೀನೇ ಬಂದ್ರೆ?"

ಇದನ್ನು ನಾನು ಯೋಚಿಸಿರಲಿಲ್ಲ. ಸಂಜೆ ಪೇಟೆಯ ಬೀದಿಯಲ್ಲಿ ಉಕ್ಕಿದಾಗ, ಕೆಲಸ ಹೋಗುತ್ತೆ ಅಂದಾಗ, ನಾನೇ ಗಾಡಿ ತಗೊಂಡು ಬಂದರೆ?

"ನಾನು ಬಂದ್ರೆ ಮೊದ್ಲು ನಿಮ್ಮ ಒರತೆ ನೀರು ಒಂದು ಚಿಪ್ಪು ಕುಡಿಸ್ರಿ. ಮನಸಾರೆ ಕುಡಿದ್ರೆ ಕೊಡ್ರಿ. ಹಿಂದುಮುಂದು ನೋಡಿದ್ರೆ ಕೊಡಬ್ಯಾಡ್ರಿ."

ಅಜ್ಜಿ ನಕ್ಕಳು. ಇಬ್ಬರೂ ಒಂದೊಂದು ತುದಿ ಹಿಡಿದು ಚಾವಿಯನ್ನು ಅವಳ ಗುಡಿಸಲ ದೇವರ ಮೂಲೆಗೆ ಒಯ್ದು ನಿಲ್ಲಿಸಿದೆವು. "ಇಲ್ಲಿಂದ ಮುಟ್ಟಬೇಕಂದ್ರೆ ಮಿಂದು ಬರಬೇಕು. ನಿಮ್ಮ ಸಾಹೇಬ್ರು ಎಲ್ಲಿ ಮೀತಾರೋ ನೋಡಾನ" ಅಂದಳು.

ವಾಪಸ್ ಬಂದಾಗ ಸೂಪರ್‌ವೈಸರ್ ಮುಖ ಕೆಂಪಗಿತ್ತು. "ಸರ್ಕಾರಿ ಸಾಮಾನು ಕದ್ದಿದ್ದೀರಿ."

"ಕದ್ದಿಲ್ಲ ಸಾರ್. ಹಳ್ಳದವರ ಹತ್ರ ಐತೆ. ಹಳ್ಳಾನೂ ಸರ್ಕಾರದ್ದೇ ಅಲ್ವಾ?"

ಅವರು ಕಂಬವನ್ನೇ ಹಿಡಿದು ತಿರುಗಿಸಲು ಪೈಪ್ ರೆಂಚ್ ತರಿಸಲು ಹೇಳಿದರು. ಪಂಪಿನಣ್ಣ ಮುಂದೆ ಬಂದರು. "ರೆಂಚ್ ಹಾಕಿದ್ರೆ ಕಂಬ ತಿರುಚಿಕೊಳ್ತದೆ ಸಾರ್. ತೆರೆದ ಗೇಟು ಮತ್ತೆ ಮುಚ್ಚಕ್ಕೆ ಬರಲ್ಲ. ಹಂಗಂತ ಕಾಗದದಲ್ಲಿ ಬರೆದು ನೀವು ಸೈನು ಹಾಕ್ತೀನಿ ಅಂದ್ರೆ ರೆಂಚ್ ತರ್ತೀನಿ." ಸೂಪರ್‌ವೈಸರ್ ಸೈನು ಹಾಕುವ ಮನುಷ್ಯ ಅಲ್ಲ. "ಸಂಜೆ ಬೀದೀಲಿ ಉಕ್ಕಿದ್ರೆ ನಿಮ್ಮಿಬ್ಬರ ಹೆಸರೇ ಬರೀತೀನಿ" ಅಂತ ಕಾರು ಹತ್ತಿದರು.

ಅಷ್ಟು ಹೊತ್ತಿಗೆ ಗಂಟೆ ಹನ್ನೆರಡೂವರೆ. ಉಳಿದದ್ದು ನಾಲ್ಕೂವರೆ ತಾಸು.

ನನ್ನ ತಲೆಯಲ್ಲಿದ್ದದ್ದು ಹಳೇ ಹೊಂಡ. ಈ ಘಟಕ ಕಟ್ಟುವ ಮುಂಚೆ ಕೊಳಚೆಯನ್ನು ದೊಡ್ಡ ಮಣ್ಣಿನ ಹೊಂಡದಲ್ಲಿ ಬಿಸಿಲಿಗೆ ಬಿಡುತ್ತಿದ್ದರು. ಹೊಂಡ ನಮ್ಮ ಬೇಲಿಯ ಹಿಂದೆಯೇ ಇದೆ. ಬಳ್ಳಾರಿ ಜಾಲಿ ಬೆಳೆದು ಕಾಡಾಗಿತ್ತು, ಆದರೆ ಏರಿ ಸುತ್ತಲೂ ನಿಂತಿತ್ತು. ಹೆಜ್ಜೆ ಹಾಕಿ ಅಳೆದಾಗ ಐವತ್ತು ಲಕ್ಷ ಲೀಟರ್ ಹಿಡಿಯಬಹುದು ಅನ್ನಿಸಿತು. ಆರು ದಿನದ ಕೊಳಚೆ. ಅದರೊಳಗೆ ಮೋಟಾರು ಬಂದು, ತೊಟ್ಟಿಗೆ ಜೀವ ಬಂದು, ಕೆಲಸ ಶುರುವಾಗಬೇಕು. ಹೊಂಡದ ಬಾಯಿಯ ಪೈಪು ಮಾತ್ರ ಮಣ್ಣಲ್ಲಿ ಹೂತುಹೋಗಿತ್ತು.

ಪುರಸಭೆಯ ಇಂಜಿನಿಯರ್‌ಗೆ ಫೋನ್ ಮಾಡಿದೆ. "ಹೊಂಡಕ್ಕೆ ಬಿಡಿ ಅಂತ ನಾನು ಹೇಳಿಲ್ಲ. ಬೇಡ ಅಂತಾನೂ ಹೇಳಿಲ್ಲ. ಊಟಕ್ಕೆ ಕೂತಿದ್ದೀನಿ" ಅಂದರು. ಅದನ್ನು ಅಪ್ಪಣೆ ಅಂತಲೇ ಲೆಕ್ಕ ಹಾಕಿಕೊಂಡೆ.

ಜೆಸಿಬಿಯವನು ಬಾಳೆಕಂದು, ಹೂವಿನ ಹಾರ ಕಟ್ಟಿದ ಗಾಡಿಯ ಪಕ್ಕ ಮಲಗಿದ್ದ. "ಹಬ್ಬ ಅಕ್ಕಾ, ಇವತ್ತು ಕೆಲಸ ಮುಟ್ಟಲ್ಲ."

"ಲೇ ತಮ್ಮಾ, ನಿನ್ನೆ ಆಯುಧ ಕೆಳಗಿಡೋ ದಿನ. ಇವತ್ತು ದಶಮಿ, ಎತ್ತೋ ದಿನ. ಇವತ್ತು ಹಿಡಿದ ಕೆಲಸ ವರ್ಷಪೂರ್ತಿ ಕೈ ಹಿಡೀತೈತೆ."

"ಗಲೀಜು ಹೊಂಡ ಅಗೆಯೋ ಕೆಲಸ ವರ್ಷಪೂರ್ತಿ ಕೈ ಹಿಡೀಬೇಕಾ ನನಗೆ?" ಅಂದ. ಅಂದವನು ಎದ್ದ ಕೂಡ. ಹಾರ ಹಾಕಿಕೊಂಡೇ ಜೆಸಿಬಿ ಬಂತು. ಜಾಲಿಯ ಬೇರು ಕಿತ್ತು, ಮಣ್ಣು ತೋಡಿ, ಪೈಪಿನ ಬಾಯಿ ಕಂಡಾಗ ಮೂರೂವರೆ. ಅದರೊಳಗೆ ಬೇರಿನ ಕಟ್ಟು. ಪಂಪಿನಣ್ಣ ಹಾರೆ ಹಿಡಿದು ಇಳಿದರು. "ನಿನ್ನೆ ಮಾಡಿದ್ದಕ್ಕೆ ಇವತ್ತು ಪ್ರಾಯಶ್ಚಿತ್ತಂ" ಅನ್ನುತ್ತಾ ಒಂದೊಂದೇ ಹಿಡಿ ಬೇರು ಎಳೆದು ಹಾಕಿದರು. ಐದಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಕೊಳಚೆ ಗಳಗಳ ಅಂತ ಹೊಂಡಕ್ಕೆ ಬಿತ್ತು. ಪೇಟೆಯಲ್ಲಿ ಒಂದು ಮ್ಯಾನ್‌ಹೋಲೂ ಉಕ್ಕಲಿಲ್ಲ. ಹಳ್ಳಕ್ಕೆ ಒಂದು ಕೊಡವೂ ಹೋಗಲಿಲ್ಲ.

ಅವತ್ತಿನ ಬುಕ್ಕಿನಲ್ಲಿ ಮಾಮೂಲಿ ರೀಡಿಂಗ್ ಬರೆಯಲಿಲ್ಲ. "ಆಯುಧಪೂಜೆಗೆಂದು ಬ್ಲೋಯರ್ ನಿಲ್ಲಿಸಿದೆ. ನೀರು ಹೋಗಿ ಮೋಟಾರ್ ಸುಟ್ಟಿದೆ. ಕೆಸರು ಕೆಟ್ಟಿದೆ. ಕೊಳಚೆ ಹಳೇ ಹೊಂಡಕ್ಕೆ" ಅಂತ ಬರೆದು ಸೈನು ಹಾಕಿದೆ.

ಮೂರನೇ ದಿನ ಬೆಳಗ್ಗೆ ಹೊಂಡದ ಏರಿಯ ಹೊರಗೆ, ಹಳ್ಳದ ಕಡೆಗೆ, ಒಂದು ಕಂಬಳಿಯಷ್ಟಗಲ ಒದ್ದೆ. ಜಾಲಿ ಬೇರು ಕೊಳೆತು ಏರಿಯೊಳಗೆ ತೂತಾಗಿತ್ತು. ಅದು ದೊಡ್ಡದಾದರೆ ಗೇಟು ತೆರೆದದ್ದಕ್ಕಿಂತ ಕೆಟ್ಟದು, ಒಂದೇ ಸಲಕ್ಕೆ ಅಷ್ಟೂ ಹೋಗುತ್ತಿತ್ತು. ನಾವು ಎರೆಮಣ್ಣು ತುಂಬಿ ಕಾಲಲ್ಲಿ ತುಳಿದೆವು. ಹದಿನೈದು ನಿಮಿಷಕ್ಕೆ ಮತ್ತೆ ಜಿನುಗಿತು. ಜೆಸಿಬಿ ಏರಿ ಮೇಲೆ ಹತ್ತಿದರೆ ಏರಿಯೇ ಕುಸಿಯುವ ಹಾಗಿತ್ತು.

ಅದೇ ಹೊತ್ತಿಗೆ ಅಜ್ಜಿ, ಹಿಂದೆ ಅವಳ ಮಗ, ಅವನ ಹಿಂದೆ ಮಂದೆ. ಚಾವಿ ಕೊಟ್ಟ ದಿನದಿಂದ ಅಜ್ಜಿ ದಿನಾ ಬೆಳಗ್ಗೆ ಬಂದು ನಮ್ಮನ್ನು ತನಿಖೆ ಮಾಡುತ್ತಿದ್ದಳು. ಒದ್ದೆ ನೋಡಿ, ತುಳಿಯುತ್ತಿದ್ದ ನಮ್ಮಿಬ್ಬರನ್ನು ನೋಡಿ ಹಣೆ ಚಚ್ಚಿಕೊಂಡಳು.

"ಎರಡು ಕಾಲಿನ ತುಳಿತಕ್ಕೆ ಏರಿ ನಿಲ್ತೈತಾ? ನಮ್ಮ ಮಾವನ ಕಾಲಕ್ಕೆ ಕಟ್ಟೆ ಹಾಕಿದ್ರೆ ಕುರಿ ಹಾಯಿಸ್ತಿದ್ರು."

ಅವಳು ಹೇಳಿದ ಹಾಗೆ ಮಾಡಿದೆವು. ಹೊಂಡದ ಕಡೆಯ ಗೋಡೆ ಹಾಗೇ ಬಿಟ್ಟು, ಏರಿಯ ನೆತ್ತಿಯಿಂದ ಮೂರು ಮೊಳ ಅಗಲ ಕೊರೆದು, ತೂತು ಸಿಗುವವರೆಗೆ ಇಳಿದು, ಎರೆಮಣ್ಣನ್ನು ನಾಲ್ಕು ಬೆರಳು ದಪ್ಪ ಹರಡಿ, ರೊಟ್ಟಿ ಹಿಟ್ಟಿನ ಹದಕ್ಕೆ ನೀರು ಚಿಮುಕಿಸಿದೆವು. ಮಗ "ಹುರ್ರ್ ಬಾ, ಹುರ್ರ್" ಅಂತ ಮಂದೆ ಬಿಟ್ಟ. ಸಣ್ಣ ಗೊರಸು, ಮೇಲಿನಿಂದ ಕುರಿಯ ತೂಕ. ಮಣ್ಣಿನೊಳಗೆ ಚುಚ್ಚಿ ಚುಚ್ಚಿ ಒತ್ತುತ್ತದೆ, ನಮ್ಮ ಪಾದ ಮೇಲ್ಮೇಲೆ ಸವರುತ್ತದೆ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಏಳು ಪದರ, ಹೊತ್ತು ಇಳಿಯುವಾಗ ನೆತ್ತಿ ಮುಟ್ಟಿತು. ಪಂಪಿನಣ್ಣ ಹಾರೆ ಕುಕ್ಕಿ ನೋಡಿದರು, ಹಾರೆ ಟಣ್ ಅಂದಿತು. ಸಂಜೆ ಕಂಬಳಿಯಗಲದ ಒದ್ದೆ ಕರವಸ್ತ್ರದಷ್ಟಾಗಿತ್ತು. ಮಾರನೆ ದಿನ ಅದೂ ಇರಲಿಲ್ಲ.

ನಾಲ್ಕನೇ ದಿನ ಮೋಟಾರು ಬಂತು. ಬ್ಲೋಯರ್ ತಿರುಗಿದಾಗ ಪಂಪಿನಣ್ಣ ದೂರದಿಂದಲೇ ಕೈ ಮುಗಿದರು, ಹತ್ತಿರ ಹೋಗಲಿಲ್ಲ.

ಗಾಳಿ ಬಂದ ಮಾತ್ರಕ್ಕೆ ಸತ್ತದ್ದು ಏಳುವುದಿಲ್ಲ. ಒಂದು ತೊಟ್ಟಿಯ ಕರಿ ಕೆಸರಿನ ಮುಕ್ಕಾಲು ಪಾಲನ್ನು ಬಿಸಿಲಲ್ಲಿ ಒಣಗಿಸುವ ಮರಳಿನ ಮಡಿಗೆ ಹಾಕಿ, ಹೊಸ ಜೀವದ ಕೆಸರು ಬೇಕು ಅಂತ ಇನ್ನೊಂದು ಪೇಟೆಯ ಘಟಕಕ್ಕೆ ಫೋನ್ ಮಾಡಿದೆ. ಅಲ್ಲಿಯ ಆಪರೇಟರ್‌ನ ಮುಖ ನಾನು ಇವತ್ತಿಗೂ ನೋಡಿಲ್ಲ. "ಹೆಪ್ಪು ಕೇಳಿದ್ರೆ ಇಲ್ಲ ಅನ್ನಬಾರದು ಅಕ್ಕಾ. ದೀಪ ಹಚ್ಚೋದ್ರೊಳಗೆ ಬಂದು ತಗೊಂಡ್ಹೋಗ್ರಿ" ಅಂದ. ಎರಡು ಟ್ಯಾಂಕರ್ ಬಂತು.

ಇನ್ನು ನಮ್ಮಜ್ಜಿಯ ಪಾಠ: ಹೆಪ್ಪಿಗೆ ತಕ್ಕಷ್ಟೇ ಹಾಲು. ಬರುವ ಕೊಳಚೆಯಲ್ಲಿ ಮೂರನೇ ಒಂದು ಭಾಗ ಮಾತ್ರ ತೊಟ್ಟಿಗೆ, ಉಳಿದದ್ದು ಹೊಂಡಕ್ಕೆ. ಹೀಗೆ ಒಂದು ದಿನ ಸರಿಯಾಗಿ ನಡೆಸಿದೆ. ಆರನೇ ದಿನ ಹೊಂಡದ ಮಟ್ಟ ನೋಡಿ ನನಗೇ ಹೆದರಿಕೆಯಾಗಿ ತೊಟ್ಟಿಗೆ ಅರ್ಧ ಬಿಟ್ಟೆ. ಸಂಜೆಯೊಳಗೆ ತೊಟ್ಟಿಯ ತುಂಬ ಬಿಳಿ ನೊರೆ, ಸಾಬೂನು ನೊರೆಯ ಹಾಗೆ ಎದ್ದು ಗಾಳಿಗೆ ಹಾರಿತು. ನೀರಿನೊಳಗಿನ ಗಾಳಿ ಅಳೆಯುವ ಮೀಟರು ಎರಡರ ಅಂಕಿ ತೋರಿಸಬೇಕಾದ ಕಡೆ ಸೊನ್ನೆಯ ಹತ್ತಿರ ನಿಂತಿತು. ಮತ್ತೆ ಮೂರನೇ ಒಂದಕ್ಕೆ ಇಳಿಸಿದೆ. ಈ ತಪ್ಪನ್ನೂ ಬುಕ್ಕಿನಲ್ಲಿ ಬರೆದೆ. ಒಮ್ಮೆ ಬರೆಯೋಕೆ ಶುರು ಮಾಡಿದರೆ ಆಮೇಲೆ ಸಲೀಸು.

ಏಳನೇ ದಿನ ಸೂಪರ್‌ವೈಸರ್ ಬಂದು ಹೊಂಡದ ದಡದಲ್ಲಿ ನಿಂತರು. ನೀರು ಏರಿಯ ನೆತ್ತಿಗೆ ಒಂದೂವರೆ ಮೊಳ ಕೆಳಗಿತ್ತು.

"ನಾಳೆ ನಾಡಿದ್ದು ತುಂಬುತ್ತೆ. ಇನ್ನಾದರೂ ಚಾವಿ ತರಿಸಿ ಮೇಡಂ. ಹಟಕ್ಕೂ ಒಂದು ಲಿಮಿಟ್ ಇರಬೇಕು."

"ಹಟ ಅಲ್ಲ ಸಾರ್, ಹೆಪ್ಪು. ಕೂರೋದಕ್ಕೆ ಟೈಮ್ ಬೇಕು."

"ಕೂರದಿದ್ರೆ?"

"ಕೂರದಿದ್ರೆ ಹಟ್ಟಿಗೆ ನೀವೇ ಹೋಗಿ ಕೇಳ್ರಿ. ಹೇಳಿಬಿಟ್ಟಿರ್ತೀನಿ, ಮಿಂದು ಹೋಗಬೇಕು."

ಎಂಟನೇ ದಿನ ಬೆಳಗ್ಗೆ ಜಾಡಿ ತುಂಬಿ ಕಟ್ಟೆಯ ಮೇಲಿಟ್ಟು ನಾನೂ ಪಂಪಿನಣ್ಣನೂ ಎದುರಿಗೆ ಕೂತೆವು. ಐದು ನಿಮಿಷ ಏನೂ ಇಲ್ಲ, ಎಲ್ಲ ಒಂದೇ ಕಲಕು. ಹತ್ತು ನಿಮಿಷಕ್ಕೆ ಮೇಲೆ ಒಂದು ಗೆರೆ ಮೂಡಿತು. ಗೆರೆ ಇಳಿಯುತ್ತಾ ಹೋಯಿತು. ಅರ್ಧ ಗಂಟೆಗೆ ಕೆಸರು ತಳದಲ್ಲಿ, ಕಾಫಿಪುಡಿಯ ಬಣ್ಣ. ಪಂಪಿನಣ್ಣ ಜಾಡಿಯ ಹಿಂದೆ ತಮ್ಮ ಹೆಬ್ಬೆರಳು ಹಿಡಿದರು. ಗೆರೆಗಳು ಕಂಡವು. ಬಗ್ಗಿ ಮೂಸಿದೆ. ಮಣ್ಣು. ಮಳೆ ಬಿದ್ದ ಮಣ್ಣು.

ಪಂಪಿನಣ್ಣ ಅಳುತ್ತಿದ್ದರು. ಈ ಸಲ "ಅಳೋದು ಆಮೇಲೆ" ಅನ್ನಲಿಲ್ಲ, ನಾನೂ ಸೇರಿಕೊಂಡೆ.

ಆ ಕೆಸರಿನಲ್ಲಿ ಒಂದು ಪಾಲು ತೆಗೆದು ಎರಡನೇ ತೊಟ್ಟಿಗೆ ಹೆಪ್ಪು ಹಾಕಿದೆವು. ಹೊಂಡದಲ್ಲಿ ನಿಂತದ್ದನ್ನು ದಿನಾ ಸ್ವಲ್ಪ ಸ್ವಲ್ಪ ವಾಪಸ್ ಎತ್ತಿ ತಿಳಿ ಮಾಡಿ ಮುಗಿಸಲು ಒಂದು ತಿಂಗಳು ಹಿಡಿಯಿತು. ಸ್ಯಾಂಪಲ್‌ನವರು ಬಂದರು, ನೀರು ತುಂಬಿಕೊಂಡರು, ಬುಕ್ಕು ಓದಿದರು. ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬುಕ್ಕು ಓದಿದ ಮೇಲೆ ನೋಟಿಸು ಬರದೆ ಇರುತ್ತದೆಯೇ? ಬಂತು. ಯಂತ್ರ ಹಾಳು ಮಾಡಿದ್ದು, ಮೇಲಿನವರ ಮಾತು ಮೀರಿದ್ದು, ಉಪಕರಣ ಹೊರಗೆ ಸಾಗಿಸಿದ್ದು, ಮೂರಕ್ಕೂ ಕಾರಣ ಕೇಳಿದ್ದರು. ನಾನು ಬರೆದ ಉತ್ತರ ಚಿಕ್ಕದು. ಮೊದಲನೆಯದು ನನ್ನ ತಪ್ಪು, ಏನು ಶಿಕ್ಷೆ ಕೊಟ್ಟರೂ ಸರಿ. ಎರಡನೆಯದು ತಪ್ಪಲ್ಲ, ಮತ್ತೆ ಹೇಳಿದರೂ ಮತ್ತೆ ಮೀರುತ್ತೇನೆ. ಮೂರನೆಯದು, ಚಾವಿ ಕಳೆದಿಲ್ಲ, ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಬೇಕಾದವರು ಹೋಗಿ ಕೇಳಬಹುದು.

ಯಾರೂ ಹೋಗಿ ಕೇಳಲಿಲ್ಲ. ಆರು ತಿಂಗಳು ನನ್ನನ್ನು ಆಪರೇಟರ್ ಕೆಲಸದಿಂದ ಇಳಿಸಿ ಜಾಲರಿ ತೊಳೆಯಲು ಹಾಕಿದರು. ಕೊಳಚೆಯ ಜೊತೆ ಬರುವ ಚಿಂದಿ, ಪ್ಲಾಸ್ಟಿಕ್ಕು, ಕೂದಲು ಎಲ್ಲ ಕುಂಟೆಯಲ್ಲಿ ಎಳೆದು ಹಾಕುವ ಕೆಲಸ. ಎಳೆದೆ. ಜಾಡಿ ಮಾತ್ರ ದಿನಾ ಬೆಳಗ್ಗೆ ನಾನೇ ಇಡುತ್ತಿದ್ದೆ, ಅದನ್ನು ಬೇಡ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಆರು ತಿಂಗಳಾದ ಮೇಲೆ ಯಾರೂ ಏನೂ ಹೇಳದೆ ಬುಕ್ಕು ಮತ್ತೆ ನನ್ನ ಮೇಜಿಗೆ ಬಂತು.

ಮುಂದಿನ ಆಯುಧಪೂಜೆ ಬಂತು. ಗೇಟಿನ ಸ್ಕ್ರೂ ಕಂಬಕ್ಕೆ ವರ್ಷಕ್ಕೊಮ್ಮೆ ಗ್ರೀಸ್ ಹಾಕಿ, ಒಂದು ಸುತ್ತು ಆಡಿಸಿ ಮುಚ್ಚಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಚಾವಿ ಬೇಕು. ಬ್ಲೋಯರ್ ಗುಡುಗುತ್ತಿರುವಾಗಲೇ ಅದರ ಗೂಡಿನ ಬಾಗಿಲಿಗೆ ಹಾರ ಹಾಕಿ, ಒಣಬಟ್ಟೆಯಲ್ಲಿ ಒರೆಸಿ, ಪೂಜೆ ಮುಗಿಸಿದೆವು. ಆಮೇಲೆ ನಾನು ಹಟ್ಟಿಗೆ ಹೋದೆ.

ಅಜ್ಜಿ ಒರತೆಯ ಹತ್ತಿರವೇ ಇದ್ದಳು.

"ಅಜ್ಜೀ, ಚಾವಿ ಬೇಕಿತ್ತು. ಒಂದು ತಾಸಿನ ಮಟ್ಟಿಗೆ."

ಅವಳು ಏಳಲಿಲ್ಲ. ಒರತೆಯ ಮೇಲಿನ ಕಸ ಊದಿ ಸರಿಸಿ, ಚಿಪ್ಪು ಅದ್ದಿ ನನ್ನ ಮುಂದೆ ಹಿಡಿದಳು.

"ಕುಡಿ ಮೊದ್ಲು."

ತಳದಲ್ಲಿ ನಾಲ್ಕು ಕಾಳು ಮರಳಿತ್ತು. ಪೇಟೆಯ ಬಚ್ಚಲಿನಿಂದ ಹೊರಟು, ನನ್ನ ತೊಟ್ಟಿ ದಾಟಿ, ಎರಡು ಕಿಲೋಮೀಟರ್ ಮರಳಿನೊಳಗೆ ನಡೆದು ಬಂದ ನೀರು ಅದರಲ್ಲಿ ಎಷ್ಟೋ, ಮಳೆಯ ನೀರು ಎಷ್ಟೋ. ಅಜ್ಜಿ ನನ್ನ ಗಂಟಲನ್ನೇ ನೋಡುತ್ತಿದ್ದಳು. ನಾನು ಮರಳಿನ ಕಾಳು ತುಟಿಗೆ ತಾಗುವವರೆಗೆ ಕುಡಿದು ಚಿಪ್ಪನ್ನು ಬೋರಲು ಮಾಡಿ ತೋರಿಸಿದೆ.

"ಹೋಗು, ಮೂಲೇಲಿ ಐತೆ" ಅಂದಳು. "ಸಂಜೆ ಒಳಗೆ ತಂದಿಡು."